ಚದರಡಿ ಲೆಕ್ಕದ ತಂಪು

2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿದಾಗ ನಮ್ಮ ಮನೆಯ ಎಸಿ ಸೋತಿತು. ಕೆಟ್ಟಿರಲಿಲ್ಲ. ರಿಮೋಟಿನಲ್ಲಿ 16 ಇಟ್ಟರೂ ಕೋಣೆ 29ರಿಂದ ಕೆಳಗಿಳಿಯಲಿಲ್ಲ, ಅಷ್ಟೇ. ಕಣ್ಣಿನ ಪೊರೆ ತೆಗೆಸಲು ಊರಿಂದ ಬಂದಿದ್ದ ಅವ್ವ ಎರಡನೇ ರಾತ್ರಿ ಚಾಪೆ ಸುತ್ತಿಕೊಂಡು ಹಾಲಿಗೆ ಹೊರಟಳು. 'ಇಷ್ಟ ರೊಕ್ಕ ಕೊಟ್ಟು ತಂದೀನಿ ಅಂತಿ, ಮ್ಯಾಲಿಂದ ಕೆಂಡ ಸುರಿದಂಗ ಆಗಾಕತ್ತೈತಲ್ಲೋ' ಅಂದಳು.

ಮಂಚದ ಮೇಲೆ ನಿಂತು ಸೂರಿಗೆ ಕೈ ಇಟ್ಟೆ. ರಾತ್ರಿ ಹನ್ನೆರಡಕ್ಕೂ ರೊಟ್ಟಿ ತೆಗೆದಿಟ್ಟ ಹಂಚಿನ ಹಾಗೆ ಬೆಚ್ಚಗಿತ್ತು.

ಎಸಿ ಕೊಳ್ಳುವಾಗ ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ: 'ರೂಮ್ ಎಷ್ಟು ಸ್ಕ್ವೇರ್ ಫೀಟ್ ಸಾರ್?' 120 ಅಂದೆ. 'ಒನ್ ಟನ್ ಧಾರಾಳ ಆಯ್ತು.' ಮೇಲೆ ಇನ್ನೊಂದು ಮಹಡಿ ಇದೆಯೋ ಬರೀ ತಾರಸಿಯೋ, ಕಿಟಕಿ ಯಾವ ದಿಕ್ಕಿಗೆ, ಒಳಗೆ ಎಷ್ಟು ಜನ, ಒಂದೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಫೀಸಿನಲ್ಲಿ ಒಂದು ಸರ್ವರ್ ತಗೊಳ್ಳೋಕೆ ಪೀಕ್ ಲೋಡ್ ಎಷ್ಟು ಅಂತ ಮೂರು ಮೀಟಿಂಗ್ ಮಾಡುವವನು, ಮನೆಗೆ ಬಂದಾಗ ನೆಲ ಅಳೆದು ಯಂತ್ರ ತಂದೆ.

ಟನ್ ಅನ್ನುವುದು ಎಸಿಯ ತೂಕ ಅಲ್ಲ. ಸುಮಾರು 900 ಕೆಜಿ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ಲೆಕ್ಕ ಅದು, ಈಗಿನ ಮಾತಿನಲ್ಲಿ ಸುಮಾರು ಮೂರೂವರೆ ಕಿಲೋವ್ಯಾಟ್. ಅದಕ್ಕಿಂತ ಹೆಚ್ಚು ಶಾಖ ಕೋಣೆಗೆ ಇಳಿಯುತ್ತಿದ್ದರೆ 24 ಇಟ್ಟರೂ 16 ಇಟ್ಟರೂ ಯಂತ್ರ ದುಡಿಯುವುದು ಅಷ್ಟೇ. ರಿಮೋಟ್ ಹೇಳುವುದು ಎಲ್ಲಿ ನಿಲ್ಲಿಸಬೇಕು ಅಂತ. ನಮ್ಮದು ನಿಲ್ಲಿಸುವ ಹಂತಕ್ಕೇ ಬರುತ್ತಿರಲಿಲ್ಲ. ಎಸಿಗೆ ಅಂಟಿಸಿದ ಐದು ಸ್ಟಾರ್ ಕೂಡ ಇಲ್ಲಿ ಕೆಲಸಕ್ಕೆ ಬರಲ್ಲ. ಅದು ಕರೆಂಟು ಎಷ್ಟು ಮಿತವಾಗಿ ತಿನ್ನುತ್ತದೆ ಅಂತ ಹೇಳುತ್ತದೆಯೇ ಹೊರತು ನಿಮ್ಮ ಕೋಣೆಗೆ ಸಾಕೋ ಇಲ್ಲವೋ ಅಂತಲ್ಲ.

ಸರ್ವೀಸಿಗೆ ಬಂದ ಹುಡುಗ 'ಒಂದೂವರೆ ಟನ್ ಹಾಕ್ಸಿಬಿಡಿ ಸಾರ್' ಅಂದ. ತಪ್ಪಲ್ಲ, ತಣ್ಣಗಾಗ್ತಿತ್ತು. ಆದರೆ ನನ್ನ ತಕರಾರು ಇರುವುದೇ ಅಲ್ಲಿ. ಬಿಲ್ಡರು ನಾಲ್ಕೈದು ಇಂಚಿನ ಕಾಂಕ್ರೀಟ್ ಹಾಕಿ, ಮೇಲೆ ಏನೂ ಹೊದಿಸದೆ, 'ಎಸಿ ಪಾಯಿಂಟ್ ಇದೆ' ಅಂತ ಬಾಡಿಗೆ ಏರಿಸುತ್ತಾನೆ. ಆ ತಾರಸಿಯ ಶಾಖವನ್ನು ಹೊರಗೆ ದೂಡುವ ಕರೆಂಟ್ ಬಿಲ್ಲು ಮಾತ್ರ ಪ್ರತಿ ತಿಂಗಳು ನಮ್ಮದು. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿ ತಂದು, ದೊಡ್ಡ ಕಟ್ಟಡಗಳ ತಾರಸಿ ಬಿಸಿಲನ್ನು ವಾಪಸ್ ಕಳಿಸುವಂತಿರಬೇಕು ಅಂತ ಹೇಳಿದೆ. ನಾವಿನ್ನೂ ಸ್ಟಾರ್ ಎಣಿಸುತ್ತಿದ್ದೇವೆ.

ಊರಿನ ಮೇಲ್ಮುದ್ದಿ ಮನೆ ಎಷ್ಟು ತಂಪು ಅಂತ ಇಲ್ಲಿ ಹೊಗಳಬಹುದು. ಹೊಗಳಲ್ಲ. ಜಂತಿ ಮೇಲಿನ ಆ ದಪ್ಪ ಮಣ್ಣು ಸೋರುತ್ತಿತ್ತು, ಚೇಳು ಬೀಳುತ್ತಿತ್ತು, ವರ್ಷ ವರ್ಷ ಮಣ್ಣು ಹೊತ್ತು ಹಾಕಿದವಳು ಅವ್ವನೇ. ಆದರೆ ಬಿಸಿಲು ಎಲ್ಲಿಂದ ಇಳಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು, ಬಿಇ ಮಾಡಿದ ನನಗೆ ಗೊತ್ತಾಗಲಿಲ್ಲ.

ಮರುದಿನ ಓನರ್ ಹತ್ತಿರ ಹೋದೆ. ತಾರಸಿಗೆ ಬಿಳಿ ಬಣ್ಣ ಹೊಡೆಸಲಾ ಅಂದರೆ, 'ಕೊಳೆಯಾದ್ರೆ ಯಾರು ತೊಳೀತಾರೆ?' ಅಂದರು. ನಾನೇ ತೊಳೀತೀನಿ, ದುಡ್ಡೂ ನಂದೇ ಅಂದ ಮೇಲೆ ಒಪ್ಪಿದರು. ನಮ್ಮ ಕೋಣೆಯ ಮೇಲಷ್ಟೇ ಎರಡು ಕೋಟ್ ಹೊಡೆಸಿದೆ. ಪಶ್ಚಿಮದ ಕಿಟಕಿಗೆ ಒಳಗಿನ ಕರ್ಟನ್ ಬಿಟ್ಟು ಹೊರಗೆ ಬಿದಿರಿನ ಚಿಕ್ಕು ಕಟ್ಟಿದೆ. ಗಾಜು ದಾಟಿ ಒಳಗೆ ಬಂದ ಬಿಸಿಲನ್ನು ಕರ್ಟನ್ ಏನು ಮಾಡೀತು. ಫಿಲ್ಟರ್ ತೊಳೆದಾಗ ಬಂದ ಧೂಳು ನೋಡಿ ನಾಚಿಕೆಯಾಯಿತು. ಬಾಗಿಲ ಸಂದಿಗೆ ಹಳೇ ಲುಂಗಿ. ಎಸಿಯನ್ನು ಮಲಗುವಾಗ ಹಾಕುವ ಬದಲು ಸಂಜೆ ಆರಕ್ಕೇ 26ಕ್ಕಿಟ್ಟು, ಫ್ಯಾನ್ ನಿಧಾನಕ್ಕೆ ಬಿಟ್ಟೆ.

18 ಡಿಗ್ರಿಯೇನೂ ಆಗಲಿಲ್ಲ. 27ಕ್ಕೆ ಬಂತು, ಬೆಳಗಿನ ಜಾವ ಕಂಪ್ರೆಸರ್ ಒಮ್ಮೊಮ್ಮೆ ನಿಲ್ಲುವುದೂ ಕೇಳಿಸಿತು. ಮೂರನೇ ರಾತ್ರಿ ಅವ್ವ ಚಾಪೆ ವಾಪಸ್ ತಂದಳು. ನಡುರಾತ್ರಿ ಎಬ್ಬಿಸಿ, 'ಕಾಲಿಗೆ ಥಂಡಿ ಹತ್ತಾಕತ್ತೈತಿ, ಒಂದ್ ಚಾದರ ಕೊಡಪಾ' ಅಂದಳು.