ಗುಬ್ಬಿ ಹಾರಿದರೆ ಗೂಡೇ ಖಾಲಿಯಾಗಬೇಕೆ?

ಗಣಕಕ್ಕೆ ತಂತ್ರಾಂಶ ಸೇರಿಸುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ತೆಗೆಯುವುದರ ಬಗ್ಗೆ ಯೋಚಿಸುವವರು ಕಡಿಮೆ. ಆದರೆ ವಿನ್ಯಾಸದ ಗುಣ ದೋಷಗಳು ತಿಳಿಯುವುದು ತೆಗೆಯುವಾಗಲೇ. ಡೆಬಿಯನ್ ಮತ್ತು ಉಬುಂಟು ವ್ಯವಸ್ಥೆಗಳ ಪ್ಯಾಕೇಜು ನಿರ್ವಾಹಕ ‘ಆಪ್ಟ್’ ಅನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ. ಉದಾಹರಣೆಗೆ ನಮ್ಮ ಕನ್ನಡ ಅಕ್ಷರಗಳೇ ಸಾಕು.

ಡೆಬಿಯನ್‌ನಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳಿವೆ. ಇಂಥ ಕನ್ನಡ ಫಾಂಟುಗಳನ್ನು ಒಟ್ಟಿಗೆ ತರಲು ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಕಟ್ಟು ಇದೆ. ಅದರೊಳಗೆ ಅಕ್ಷರಗಳಿಲ್ಲ, ಬೇಕಾದ ಫಾಂಟುಗಳ ಪಟ್ಟಿ ಮಾತ್ರ. ತಮಿಳು, ತೆಲುಗು, ಬಂಗಾಳಿಗಳಿಗೂ ಇಂಥ ಕಟ್ಟುಗಳಿವೆ. ಇವೆಲ್ಲವನ್ನೂ ‘ಫಾಂಟ್ಸ್-ಇಂಡಿಕ್’ ಎಂಬ ದೊಡ್ಡ ಕಟ್ಟು ಹಿಡಿದಿಟ್ಟಿದೆ. ಇವುಗಳ ನಡುವಿನ ಸಂಬಂಧ ‘ಅವಲಂಬನೆ’. ಅಂದರೆ, ಅದಿಲ್ಲದೆ ಇದು ಇರಲಾರದು.

ಹಾಸನ, ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಶಿಕ್ಷಕರು ದೊಡ್ಡ ಕಟ್ಟನ್ನು ಹಾಕಿಕೊಂಡಿದ್ದಾರೆ ಎನ್ನಿ. ಪ್ರಶ್ನೆಪತ್ರಿಕೆಗೆ ನವಿಲು ಸಾಕು, ಗುಬ್ಬಿ ಬೇಡ ಎಂದು ಅದೊಂದನ್ನೇ ತೆಗೆಯುತ್ತಾರೆ. ಆಗ ಏನಾಗುತ್ತದೆ? ಗುಬ್ಬಿ ಇಲ್ಲದೆ ಕನ್ನಡದ ಕಟ್ಟು ನಿಲ್ಲದು; ಅದಿಲ್ಲದೆ ದೊಡ್ಡ ಕಟ್ಟೂ ನಿಲ್ಲದು. ಮೂರೂ ಹೋಗುತ್ತವೆ. ಇದು ಮೇಲ್ಮುಖ ಪರಿಣಾಮ.

ಕೆಳಮುಖ ಪರಿಣಾಮ ಇನ್ನೂ ವಿಚಿತ್ರ. ನವಿಲು, ತಮಿಳು, ಬಂಗಾಳಿ ಫಾಂಟುಗಳ ಮೇಲೆ ‘ತಾನಾಗಿ ಬಂದದ್ದು’ ಎಂಬ ಗುರುತು ಇರುತ್ತದೆ. ಬೇರೆ ಯಾವ ಪ್ಯಾಕೇಜೂ ಅವನ್ನು ಕೇಳದಿದ್ದರೆ ಆಪ್ಟ್ ಅವನ್ನು ‘ಇನ್ನು ಬೇಕಿಲ್ಲ’ ಎಂಬ ಪಟ್ಟಿಗೆ ಸೇರಿಸುತ್ತದೆ. ‘ಆಟೋರಿಮೂವ್’ ಆಜ್ಞೆ ಕೊಟ್ಟರೆ ಸಾಕು, ಶಿಕ್ಷಕರು ಉಳಿಸಿಕೊಳ್ಳಬಯಸಿದ ನವಿಲೂ ಹಾರಿಹೋಗುತ್ತದೆ. ಬೇರೆ ಕನ್ನಡ ಫಾಂಟು ಇಲ್ಲದ ಗಣಕದಲ್ಲಿ ಪಾಠದ ತುಂಬ ಖಾಲಿ ಚೌಕಗಳು!

ಆಪ್ಟ್‌ನ ತರ್ಕ ಗಣಿತದ ದೃಷ್ಟಿಯಿಂದ ಸರಿಯಾಗಿಯೇ ಇದೆ. ನೀವು ಕೇಳಿ ಹಾಕಿಸಿಕೊಂಡ ಪ್ಯಾಕೇಜುಗಳಿಂದ ಹೊರಟು, ಕೊಂಡಿಗಳ ಮೂಲಕ ತಲುಪಲಾಗದವೆಲ್ಲ ಅನಗತ್ಯ. ಆಪ್ಟ್‌ಗೆ ಬಂದ ಈ ಸೌಲಭ್ಯ ಡಿಸ್ಕಿನ ಕಸ ಕಡಿಮೆ ಮಾಡಿದೆ, ನಿಜ. ಆದರೆ ಆ ಗುರುತು ಹೇಳುವುದು ಪ್ಯಾಕೇಜು ಬಂದ ದಾರಿಯನ್ನು ಮಾತ್ರ. ಈಗ ಅದನ್ನು ಯಾರು ಬಳಸುತ್ತಿದ್ದಾರೆ ಎಂಬುದನ್ನಲ್ಲ.

ದೋಷದ ಮೂಲ ಕಟ್ಟಿನ ವಿನ್ಯಾಸದಲ್ಲಿದೆ. ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ‘ಹಾರ್ಫ್‌ಬಜ್’ ತಂತ್ರಾಂಶವನ್ನು ನೋಡಿ. ಅದನ್ನು ಕಿತ್ತರೆ ಅದರ ಮೇಲೆ ನಿಂತ ಬರವಣಿಗೆಯ ತಂತ್ರಾಂಶ ನಡೆಯುವುದೇ ಇಲ್ಲ. ಅದು ನಿಜವಾದ ಅವಲಂಬನೆ. ಗುಬ್ಬಿ ಇಲ್ಲದಿದ್ದರೆ ನವಿಲಿಗೆ ಏನು ಕೊರತೆ? ಗೊರೂರಿನ ಹೇಮಾವತಿ ಜಲಾಶಯದಿಂದ ಹೊರಟ ಎಡದಂಡೆ ನಾಲೆ ಚನ್ನರಾಯಪಟ್ಟಣದ ಕಡೆಗೆ ಹರಿಯುತ್ತದೆ. ಒಬ್ಬ ರೈತ ತನ್ನ ಹೊಲಗಾಲುವೆಗೆ ನೀರು ಬೇಡವೆಂದರೆ ಇಡೀ ನಾಲೆಯನ್ನೇ ಮುಚ್ಚುವುದುಂಟೆ?

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಡೆಬಿಯನ್‌ನ ನಿಯಮಗಳಲ್ಲೇ ‘ಶಿಫಾರಸು’ ಎಂಬ ಸಡಿಲ ಸಂಬಂಧ ಇದೆ. ಸಾಮಾನ್ಯವಾಗಿ ಜೊತೆಗೆ ಬರಲಿ, ಬೇಡವೆಂದವರು ತೆಗೆಯಲಿ ಎಂಬುದು ಅದರ ಅರ್ಥ. ಕಟ್ಟುಗಳು ಇದನ್ನು ಬಳಸಿದರೆ ಹೊಸದಾಗಿ ಹಾಕಿಕೊಳ್ಳುವವರಿಗೆ ಎಲ್ಲ ಫಾಂಟುಗಳೂ ಸಿಗುತ್ತವೆ. ಗುಬ್ಬಿ ತೆಗೆದವರಿಗೆ ಕಟ್ಟು ಉಳಿಯುತ್ತದೆ, ನವಿಲೂ ಉಳಿಯುತ್ತದೆ. ಕಟ್ಟು ಹಾಕಿದಲ್ಲೆಲ್ಲ ಎಲ್ಲ ಫಾಂಟೂ ಇದ್ದೇ ಇರುತ್ತದೆಂಬ ಖಾತ್ರಿ ತಪ್ಪುತ್ತದೆ ಎಂಬ ಆಕ್ಷೇಪ ಬರಬಹುದು. ಫಾಂಟುಗಳ ಮಟ್ಟಿಗೆ ಆ ಖಾತ್ರಿಯ ಅಗತ್ಯವಾದರೂ ಏನು?

ತೆಗೆಯುವ ಮೊದಲು ಆಪ್ಟ್ ಪಟ್ಟಿ ತೋರಿಸುತ್ತದೆ, ಓದದಿರುವುದು ಬಳಕೆದಾರರ ತಪ್ಪು ಎನ್ನುವವರಿದ್ದಾರೆ. 2021ರ ನವೆಂಬರಿನ ಪ್ರಕರಣ ಇದಕ್ಕೆ ಉತ್ತರ. ಯೂಟ್ಯೂಬ್‌ನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ ‘ಸ್ಟೀಮ್’ ಹಾಕಲು ಹೋದಾಗ, ಪ್ಯಾಕೇಜುಗಳ ಹೊಂದಾಣಿಕೆ ತಪ್ಪಿ ಇಡೀ ಡೆಸ್ಕ್‌ಟಾಪೇ ಅಳಿಸಿಹೋಯಿತು. ಎಚ್ಚರಿಕೆ ತೆರೆಯ ಮೇಲೆಯೇ ಇತ್ತು. ‘ಹೌದು, ಹೇಳಿದಂತೆ ಮಾಡು’ ಎಂದು ಅವರು ಟೈಪೂ ಮಾಡಿದ್ದರು. ಬಳಿಕ ಆಪ್ಟ್ ಆಜ್ಞೆಯಲ್ಲಿ ಆ ಒಪ್ಪಿಗೆಯ ದಾರಿಯನ್ನೇ ಮುಚ್ಚಲಾಯಿತು. ಆದರೆ ಆ ರಕ್ಷಣೆ ಅತ್ಯಗತ್ಯವೆಂದು ಗುರುತಿಸಿದ ಪ್ಯಾಕೇಜುಗಳಿಗೆ ಮಾತ್ರ, ಫಾಂಟುಗಳಿಗಲ್ಲ. ಹೆಸರುಗಳ ಉದ್ದ ಪಟ್ಟಿಗಿಂತ ‘ಗುಬ್ಬಿ ಹೋಗುವುದರಿಂದ ಇದು ಹೋಗುತ್ತಿದೆ’ ಎಂಬ ಕಾರಣ ಪ್ರತಿ ಹೆಸರಿನ ಮುಂದೆ ಇದ್ದರೆ ಓದುವವರಿಗೆ ಅರ್ಥವಾದೀತು.

ಅಲ್ಲಿಯವರೆಗೆ ನೀವು ಎರಡು ಕೆಲಸ ಮಾಡಬಹುದು. ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಆಜ್ಞೆಯಿಂದ ನವಿಲನ್ನು ‘ನಾನೇ ಕೇಳಿದ್ದು’ ಎಂದು ಗುರುತು ಮಾಡಿ. ಆಗ ಅದು ಅನಗತ್ಯ ಪಟ್ಟಿಗೆ ಸೇರುವುದಿಲ್ಲ. ಏನನ್ನೂ ಅಳಿಸದೆ ಫಲವನ್ನಷ್ಟೇ ತೋರಿಸುವ ‘ಸಿಮ್ಯುಲೇಟ್’ ಆಯ್ಕೆಯನ್ನು ತರಗತಿಯಲ್ಲಿ ಬಳಸಿ. ಹೋಗಲಿರುವ ಪ್ಯಾಕೇಜುಗಳನ್ನು ವಿದ್ಯಾರ್ಥಿಗಳು ಹಾಳೆಯ ಮೇಲೆ ಬರೆದು ಬಾಣಗಳಿಂದ ಜೋಡಿಸಲಿ. ಯಾವ ಬಾಣ ನಿಜವಾದ ಅಗತ್ಯ, ಯಾವುದು ಕೇವಲ ಜೊತೆಗಾರಿಕೆ ಎಂದು ಪ್ರತಿಯೊಂದಕ್ಕೂ ಕಾರಣ ಕೊಡಲಿ.