ನಾಲ್ಕೂ ಚಕ್ರ ತಿರುಗಿದರೇನು?

ಸೂರತ್‌ನಲ್ಲಿರುವ ನಮ್ಮ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ‘ಅಹಮದಾಬಾದ್‌ನಲ್ಲಿ ಸೆಕೆಂಡ್ ಹ್ಯಾಂಡ್ ಆಲ್ ವೀಲ್ ಡ್ರೈವ್ ಕಾರು ತಗೊಂಡೆ ಸರ್. ಇನ್ನು ಸಾಪುತಾರಾ ಘಾಟಿಯ ತಿರುವುಗಳಲ್ಲಿ ಚಿಂತೆ ಇಲ್ಲ ಅಲ್ವಾ?’

ಇದೆ ಸ್ವಾಮಿ. ಮೊದಲಿಗಿಂತ ಜಾಸ್ತಿಯೇ ಇದೆ.

ಗುಜರಾತಿನ ಬಯಲು ರಸ್ತೆಗಳಲ್ಲಿ ಈ ಭ್ರಮೆ ಬೆಳೆಯುವುದು ಸುಲಭ. ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇ 93 ಕಿ.ಮೀ. ಉದ್ದಕ್ಕೂ ಸ್ಟೇರಿಂಗ್‌ಗೆ ಹೆಚ್ಚು ಕೆಲಸ ಕೊಡುವುದಿಲ್ಲ. ಸಿಂಧು ಭವನ ರಸ್ತೆಯಲ್ಲಿ ಸಿಗ್ನಲ್ ಹಸಿರಾದಾಗ ಇಂಥ ಕಾರು ಒಂಚೂರೂ ಜಾರದೆ ಚಿಮ್ಮುತ್ತದೆ. ಕೊಟ್ಟ ದುಡ್ಡು ವಸೂಲಾಯಿತು ಅನ್ನಿಸುತ್ತದೆ. ಅದೇ ನಂಬಿಕೆ ಹೊತ್ತು ವಘಾಯಿ ದಾಟಿ ಘಾಟಿ ಹತ್ತಿದರೆ ಲೆಕ್ಕ ಬೇರೆ.

ಲೆಕ್ಕವನ್ನೇ ಮಾಡೋಣ. 40 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ ಕಾರಿನ ತೂಕದ ಸುಮಾರು ಶೇ 71ರಷ್ಟು ಬಲವನ್ನು ಟೈರುಗಳು ಅಡ್ಡಕ್ಕೆ ತಡೆಯಬೇಕು. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು ತಡೆಯುತ್ತದೆ. 70ಕ್ಕೆ ಏರಿಸಿ, ಅದು ಶೇ 96 ಆಗುತ್ತದೆ. ಸಾಮಾನ್ಯ ಟೈರು ಕೈ ಚೆಲ್ಲುತ್ತದೆ. ಮಳೆ ಬಿದ್ದ ದಿನ 60 ಕೂಡ ದುಬಾರಿ. ಎಂಜಿನ್ ಎಷ್ಟು ಚಕ್ರ ತಿರುಗಿಸುತ್ತದೆ ಎಂಬ ಪ್ರಶ್ನೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. 1957ರ ಕೊನೆಯ ಮಿಲ್ಲೆ ಮಿಲ್ಯಾ ರೇಸ್ ಗೆದ್ದ ಎಂಜಿನಿಯರ್ ಪಿಯೆರೊ ತಾರುಫಿ ‘ದಿ ಟೆಕ್ನಿಕ್ ಆಫ್ ಮೋಟರ್ ರೇಸಿಂಗ್’ ಪುಸ್ತಕದಲ್ಲಿ ತಿರುವಿನ ತ್ರಿಜ್ಯವನ್ನೂ ಟೈರಿನ ಹಿಡಿತವನ್ನೂ ಹೀಗೇ ಲೆಕ್ಕಕ್ಕೆ ತಂದಿದ್ದರು. ಆಲ್ ವೀಲ್ ಡ್ರೈವ್‌ಗೆ ಹೆಸರಾದ ಆಡಿ ಕ್ವಾಟ್ರೊ ಕಾರು ಹುಟ್ಟಲು ಇನ್ನೂ ಎರಡು ದಶಕ ಇತ್ತು. ಈಗಿನ ಷೋರೂಂ ಹುಡುಗರಿಗೆ ಆ ಪುಸ್ತಕವನ್ನು ಕಡ್ಡಾಯ ಮಾಡಬೇಕು.

ಟೈರಿಗೆ ಬರುವುದು ಒಂದೇ ಸಂಬಳ. ತಿರುವಿಗೆ ಪೂರ್ತಿ ಖರ್ಚು ಮಾಡಿದ ಮೇಲೆ ಎಳೆತಕ್ಕೆ ಏನೂ ಉಳಿಯುವುದಿಲ್ಲ. ಎರಡೇ ಚಕ್ರಗಳಿಗೆ ಬೀಳುತ್ತಿದ್ದ ಎಳೆತದ ಹೊರೆಯನ್ನು ಆಲ್ ವೀಲ್ ಡ್ರೈವ್ ನಾಲ್ಕಕ್ಕೆ ಹಂಚುತ್ತದೆ, ಅಷ್ಟೇ. ತಿರುವಿನಿಂದ ಹೊರಬರುವಾಗ ಅದು ದೊಡ್ಡ ಉಪಕಾರ. ಒಳಹೋಗುವಾಗ, ನಡುವಿನಲ್ಲಿ, ಏನೂ ಇಲ್ಲ. ವಿಪರೀತ ವೇಗದಲ್ಲಿ ನುಗ್ಗಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಟೈರುಗಳು ಸೋತು, ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಮೂತಿ ನೇರ ಕಂದಕದ ಕಡೆಗೆ ಹೋಗುತ್ತದೆ. ಅಂಡರ್‌ಸ್ಟೀರ್ ಎಂದರೆ ಇದೇ.

ಇಲ್ಲಿ ಕ್ವಾಟ್ರೊ ಭಕ್ತರು ಜಗಳಕ್ಕೆ ಬರುತ್ತಾರೆ. ಬರಲಿ, ಹಳೆಯ ಬಾಕಿ ಇದೆ. 1983ರ ವಿಶ್ವ ರ‍್ಯಾಲಿಯಲ್ಲಿ ಆಡಿಯ ಹನ್ನು ಮಿಕ್ಕೊಲಾ ಚಾಲಕರ ಪಟ್ಟ ಗೆದ್ದದ್ದು ನಿಜ. ಆದರೆ ತಯಾರಕರ ಪಟ್ಟ ಹೋದದ್ದು ಹಿಂದಿನ ಚಕ್ರಗಳಷ್ಟೇ ಎಳೆಯುವ ಲ್ಯಾನ್ಸಿಯಾ 037ಕ್ಕೆ. ಬರೀ ಡಾಂಬರು ತಿರುವುಗಳ ಕಾರ್ಸಿಕಾದಲ್ಲಿ ಮಾರ್ಕು ಅಲೆನ್ ಗೆದ್ದರು. ಆಡಿಯ ಭಾರದ ಎಂಜಿನ್ ಮುಂದಿನ ಆಕ್ಸಲ್‌ಗಿಂತಲೂ ಮುಂದಕ್ಕೆ ಕೂತಿತ್ತು. ಮೂತಿ ತಿರುಗಲು ಒಲ್ಲೆ ಎನ್ನುತ್ತಿತ್ತು.

ಹಾಗಾದರೆ ರ‍್ಯಾಲಿಯವರು ಆಲ್ ವೀಲ್ ಡ್ರೈವ್ ಅನ್ನು ಯಾಕೆ ಬಿಡುವುದಿಲ್ಲ? ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಉತ್ತರ ಸಿಗುತ್ತದೆ. ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ಪಟ್ಟ ಗೆದ್ದ 2016, 2017ರಲ್ಲಿ ಸ್ಕೋಡಾ ಫ್ಯಾಬಿಯಾ ಆರ್5 ಅಲ್ಲಿಗೂ ಬಂದಿತ್ತು. ಇಂಥ ಕಾರನ್ನು ತಿರುವಿನ ಪಕ್ಕ ನಿಂತು ನೋಡಬೇಕು, ಕೆಮ್ಮಣ್ಣು ಮುಖಕ್ಕೆ ಬಡಿದರೂ ಸರಿ. ತಿರುವು ಬರುವ ಮೊದಲೇ ಬ್ರೇಕ್. ಭಾರ ಮುಂದಕ್ಕೆ ಬಿದ್ದು ಹಿಂಭಾಗ ಹಗುರಾಗಿ ಹೊರಕ್ಕೆ ಜಾರುತ್ತದೆ, ಕಾರು ಅಡ್ಡಡ್ಡ ಬರುತ್ತದೆ. ಮೂತಿ ಮುಂದಿನ ನೇರ ದಾರಿಯನ್ನು ನೋಡಿದ ಕ್ಷಣವೇ ಆಕ್ಸಿಲರೇಟರ್. ನಾಲ್ಕೂ ಚಕ್ರ ಜಲ್ಲಿಕಲ್ಲು ಎರಚಿ ಕಾರನ್ನು ಎಳೆದೊಯ್ಯುತ್ತವೆ. ಕಾರನ್ನು ತಿರುಗಿಸಿದ್ದು ಚಾಲಕ. ಆಲ್ ವೀಲ್ ಡ್ರೈವ್ ಮಾಡಿದ್ದು ಆಮೇಲಿನ ಕೆಲಸ.

‘ಈಗ ಟಾರ್ಕ್ ವೆಕ್ಟರಿಂಗ್ ಇದೆಯಲ್ಲ’ ಎನ್ನಬಹುದು. ಇದೆ. 1996ರ ಲ್ಯಾನ್ಸರ್ ಇವೊ 4ರಲ್ಲೇ ಹಿಂದಿನ ಹೊರಚಕ್ರಕ್ಕೆ ಹೆಚ್ಚು ಬಲ ಕೊಟ್ಟು ಮೂತಿ ತಿರುಗಿಸುವ ವ್ಯವಸ್ಥೆ ಇತ್ತು. ಜಾಣತನದ ಕೆಲಸ. ಅದಕ್ಕೂ ಟೈರಿನ ಹಿಡಿತ ಬೇಕು.

ನಿಲ್ಲಿಸುವ ವಿಷಯದಲ್ಲೂ ಆಲ್ ವೀಲ್ ಡ್ರೈವ್‌ನಿಂದ ಲಾಭವಿಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ವೇಗದ ಕಾರು ಸಮಯಕ್ಕೆ ನಿಲ್ಲದಿದ್ದರೆ ಏನಾಗುತ್ತದೆಂದು ಅಹಮದಾಬಾದಿನವರಿಗೆ ನಾನು ಹೇಳಬೇಕಿಲ್ಲ. 2023ರ ಜುಲೈ 20ರಂದು ಇಸ್ಕಾನ್ ಮೇಲ್ಸೇತುವೆಯ ಮೇಲೆ 9 ಜನ ಸತ್ತರು.

ಸೂರತ್‌ನ ಗೆಳೆಯರೇ, ಬ್ರೇಕ್ ಕೆಲಸವೆಲ್ಲ ತಿರುವಿನ ಮುಂಚೆಯೇ ಮುಗಿಯಲಿ. ಸ್ಟೇರಿಂಗ್ ನೇರವಾಗುತ್ತಾ ಬಂದಂತೆ ಆಕ್ಸಿಲರೇಟರ್ ಒತ್ತಿ. ಮೂತಿ ಹೊರಕ್ಕೆ ಜಾರಿದರೆ ಕಾಲು ಮೆಲ್ಲಗೆ ಸಡಿಲಿಸಿ, ಇನ್ನಷ್ಟು ಒತ್ತಬೇಡಿ. ಸೆಕೆಂಡ್ ಹ್ಯಾಂಡ್ ಕಾರು ಎಂದಿರಲ್ಲ, ಹೊರಡುವ ಮೊದಲು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ನೋಡಿ. 2317 ಎಂದಿದ್ದರೆ ಅದು 2017ರ 23ನೇ ವಾರ ತಯಾರಾದ ಟೈರು. ನಾಲ್ಕನ್ನೂ ಬದಲಾಯಿಸಿ, ಆಮೇಲೆ ಘಾಟಿ ಹತ್ತಿ.