17 ವರ್ಷ, 5 ದಿನ

ಕಾದಂಬರಿಯಲ್ಲಿ ಪಾತ್ರವೊಂದರ ವಯಸ್ಸನ್ನು ನಾವು ಅಂದಾಜಿನಲ್ಲೇ ಓದಿಕೊಳ್ಳುತ್ತೇವೆ. ಹರೆಯದವನು, ನಡುವಯಸ್ಸಿನವಳು ಎಂದರೆ ಸಾಕು. ‘ಹ್ಯಾಟ್ರಿಕ್’ ಎಂಬ ಆನ್‌ಲೈನ್ ಫುಟ್‌ಬಾಲ್ ಆಟದಲ್ಲಿ ಅಷ್ಟು ಸಾಲದು. ಅಲ್ಲಿ ಆಟಗಾರನ ಹೆಸರಿನ ಜೊತೆಗೇ ‘17 ವರ್ಷ, 5 ದಿನ’ ಎಂದು ಬರೆದಿರುತ್ತದೆ. ಅವನನ್ನು ಎಷ್ಟಕ್ಕೆ ಕೊಳ್ಳಬೇಕು, ಯಾವಾಗ ಕೊಳ್ಳಬೇಕು ಎಂಬ ಲೆಕ್ಕ ಶುರುವಾಗುವುದೇ ಆ ಐದು ದಿನಗಳಿಂದ.

1997ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಈ ಆಟದಲ್ಲಿ ಚೆಂಡನ್ನು ಒದೆಯುವ ಕೆಲಸ ನಮ್ಮದಲ್ಲ. ನಾವು ಮ್ಯಾನೇಜರುಗಳು: ಆಟಗಾರರನ್ನು ಕೊಳ್ಳುತ್ತೇವೆ, ಪಳಗಿಸುತ್ತೇವೆ, ಮಾರುತ್ತೇವೆ. 16 ವಾರಕ್ಕೆ ಒಂದು ಸೀಸನ್. ಆ 112 ದಿನಗಳೇ ಆಟಗಾರನಿಗೆ ಒಂದು ವರ್ಷ. ತರಬೇತಿಯ ಫಲ ವಾರಕ್ಕೊಮ್ಮೆ ಬರುತ್ತದೆ. ಕಿರಿಯರು ಬೇಗ ಕಲಿಯುತ್ತಾರೆ. ವಯಸ್ಸು ಏರಿದಂತೆ ಅಷ್ಟೇ ಕಲಿಕೆಗೆ ಹೆಚ್ಚು ವಾರ ಬೇಕು. ಆದ್ದರಿಂದ ಅನುಭವಿ ಮ್ಯಾನೇಜರು ಹುಟ್ಟುಹಬ್ಬ ಆಗಷ್ಟೇ ಮುಗಿದ ಹುಡುಗನನ್ನು ಹುಡುಕುತ್ತಾನೆ. 17 ವರ್ಷ 5 ದಿನದವನೂ 17 ವರ್ಷ 105 ದಿನದವನೂ ಕೌಶಲದಲ್ಲಿ ಸಮನಾಗಿದ್ದರೂ ಸಂತೆಯಲ್ಲಿ ಸಮನಲ್ಲ. ಮೊದಲನೆಯವನ ಕೈಯಲ್ಲಿ ಹದಿನಾಲ್ಕು ವಾರ ಹೆಚ್ಚಿವೆ.

ಹರಾಜು ಮೂರು ದಿನ ನಡೆಯುತ್ತದೆ. ಕೊನೆಯ 3 ನಿಮಿಷಗಳಲ್ಲಿ ಯಾರಾದರೂ ಬೆಲೆ ಏರಿಸಿದರೆ ಗಡುವು ಮುಂದಕ್ಕೆ ಹೋಗುತ್ತದೆ. ಕಡೇ ಗಳಿಗೆಯಲ್ಲಿ ಕೂಗಿ ಕಸಿದುಕೊಳ್ಳುವ ಉಪಾಯ ಹಾಗಾಗಿ ಇಲ್ಲಿ ಫಲಿಸುವುದಿಲ್ಲ. ಎದುರಾಳಿ ನಿದ್ದೆಯಲ್ಲಿರುವಾಗ ಮುಗಿಯುವ ಹರಾಜನ್ನು ಆರಿಸಿಕೊಳ್ಳುವುದು ಜಾಣತನ. ಚಳಿಗಾಲದಲ್ಲಿ ಮಧ್ಯ ಯುರೋಪಿನಲ್ಲಿ ನಸುಕಿನ ಮೂರು ಗಂಟೆಯಾದಾಗ ನಮ್ಮಲ್ಲಿ ಬೆಳಗಿನ ಏಳೂವರೆ. ಹಾಸ್ಟೆಲಿನಲ್ಲಿ ಕಾಫಿ ಲೋಟ ಹಿಡಿದು ನಾನು ಅಗ್ಗಕ್ಕೆ ಕೊಂಡವರೆಲ್ಲ ಅಂಥ ಹೊತ್ತಿನವರೇ.

ಆದರೆ ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಈ ಆಟದಲ್ಲಿ ಹಿಡಿದಿಟ್ಟದ್ದು ಅದರ ಭಾಷೆ. ಕೌಶಲವನ್ನು ಅದು ಅಂಕಿಗಿಂತ ಹೆಚ್ಚಾಗಿ ವಿಶೇಷಣಗಳಲ್ಲಿ ಹೇಳುತ್ತದೆ. ‘ಇಲ್ಲವೇ ಇಲ್ಲ’ ಎಂಬಲ್ಲಿಂದ ‘ದೈವಿಕ’ ಎಂಬಲ್ಲಿಯವರೆಗೆ ಪದಗಳದೇ ಒಂದು ಏಣಿ. ಜೊತೆಗೆ ಪ್ರತಿ ಆಟಗಾರನ ಸ್ವಭಾವಕ್ಕೂ ಒಂದು ಸಾಲು: ಜನರಿಗೆ ಬೇಕಾದವನು, ಶಾಂತ, ಪ್ರಾಮಾಣಿಕ, ಹೀಗೆ. ಪಾತ್ರಚಿತ್ರಣ ಎಂದು ನಾವು ಕರೆಯುವುದಕ್ಕೆ ಅತಿ ಹತ್ತಿರದ ಸಾಲು ಅದೇ. ಬೆಲೆ ಕಟ್ಟುವಾಗ ಅತಿ ಕಡಿಮೆ ಓದಿಸಿಕೊಳ್ಳುವ ಸಾಲೂ ಅದೇ. ಕೊಳ್ಳುವವನ ಕಣ್ಣು ಮೊದಲು ವಯಸ್ಸಿಗೆ, ಆಮೇಲೆ ಒಂದು ಕೌಶಲಕ್ಕೆ ಹೋಗಿ ನಿಲ್ಲುತ್ತದೆ. ಒಳ್ಳೆಯ ಪಠ್ಯವೊಂದನ್ನು ಬರೆದು ಅದನ್ನು ಓದದೆ ದಾಟಿಹೋಗುವವನನ್ನೇ ಗೆಲ್ಲಿಸುವುದು ಈ ಆಟದ ದೊಡ್ಡ ವಿರೋಧಾಭಾಸ.

ಇದಕ್ಕೆ ಎದುರಾಗಿ ನಿಲ್ಲುವ ನಿಯಮವೂ ಆಟದೊಳಗೇ ಇದೆ. ಹುಡುಗನನ್ನು ಬೆಳೆಸಿ ಹೊರಗೆ ಕಳಿಸಿದ ಮೊದಲ ತಂಡಕ್ಕೆ, ಅವನು ಮುಂದೆ ಎಲ್ಲಿ ಮಾರಾಟವಾದರೂ ಒಂದು ಸಣ್ಣ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಅದನ್ನು ತಾಯಿ ತಂಡ ಎನ್ನುತ್ತಾರೆ. ನನಗೆ ‘ತವರು’ ಎಂಬ ಮಾತೇ ಸರಿ ಎನಿಸುತ್ತದೆ. ಅವನಿಗೊಂದು ಹಿಂದಿನ ಕಥೆ ಇದೆ ಎಂದು ಸಂತೆ ನೆನಪಿಟ್ಟುಕೊಳ್ಳುವುದು ಅಲ್ಲಿ ಮಾತ್ರ, ಅದೂ ಹಣದ ಲೆಕ್ಕದಲ್ಲಿ.

17ಕ್ಕೆ ಕೊಂಡು, ವಾರಗಟ್ಟಲೆ ಒಂದೇ ಕೌಶಲ ಕಲಿಸಿ, ಕಲಿಕೆ ನಿಧಾನವಾಗುವ ಮುನ್ನ ಮಾರು ಎಂಬುದು ಇಲ್ಲಿನ ಬಲ್ಲವರ ಸೂತ್ರ. ಸೂತ್ರ ಸುಳ್ಳಲ್ಲ, ನಾನೂ ಅದರಿಂದ ಲಾಭ ಮಾಡಿದ್ದೇನೆ. ಅದು ಕಲಿಸುವ ನೋಟದ ಬಗ್ಗೆ ನನಗೆ ತಕರಾರು. ಮನುಷ್ಯನನ್ನು ಅವನಲ್ಲಿ ಉಳಿದಿರುವ ದಿನಗಳಿಂದಷ್ಟೇ ಅಳೆಯುವ ನೋಟ ಅದು. ಮೊನ್ನೆ ಸಂಶೋಧನಾ ವೇತನದ ಅರ್ಜಿಯೊಂದನ್ನು ತುಂಬುತ್ತಿದ್ದೆ. ‘ವಯಸ್ಸು: ವರ್ಷ, ತಿಂಗಳು, ದಿನ’ ಎಂಬ ಕಲಂ ಬಂತು. ಬೆರಳು ತಡೆಯಿತು. ಅಷ್ಟು ವರ್ಷಗಳಲ್ಲಿ ಏನು ಓದಿದೆ ಎಂದು ಕೇಳುವ ಕಲಂ ಅದಕ್ಕಿಂತ ಬಹಳ ಕೆಳಗಿತ್ತು.

ನನ್ನ ತಂಡದಲ್ಲಿ ವಯಸ್ಸಾದ ಮಿಡ್‌ಫೀಲ್ಡರ್ ಒಬ್ಬನಿದ್ದಾನೆ. ಸಂಬಳ ಜಾಸ್ತಿ, ಸಂತೆಯಲ್ಲಿ ಬೆಲೆ ಇಲ್ಲ. ಮಾರುವ ಸರಿಯಾದ ಸಮಯ ಕಳೆದು ಎರಡು ಸೀಸನ್ ಆಯಿತು. ಈ ವಾರವೂ ಅವನು ಆಡುತ್ತಾನೆ.